ಮೂರು ನಿಮಿಷದ ಆಟಕ್ಕೆ ಕೀ ಕೊಡುವ ತಾತ

ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ ಮೊದಲ ಮಹಡಿಯ ಮನೆ. ರಾತ್ರಿ ಒಂಬತ್ತಾದರೂ ಹೆಬ್ಬಾಳದ ಕಡೆಯ ವಾಹನಗಳ ಸದ್ದು ಇಳಿದಿರಲಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏಳನೇ ತರಗತಿಯ ಹುಡುಗಿಯೊಬ್ಬಳು ಚೆಸ್ ಆಡುತ್ತಿದ್ದಳು. ಎದುರಾಳಿ ಯಾರೋ ಗೊತ್ತಿಲ್ಲ, ಹೆಸರಿನ ಪಕ್ಕದಲ್ಲಿ ಬ್ರೆಜಿಲ್ ದೇಶದ ಪುಟ್ಟ ಬಾವುಟ. ತಲಾ ಮೂರು ನಿಮಿಷದ ಆಟ. ಗೆಲುವು ಅವಳ ಕೈಯಲ್ಲೇ ಇತ್ತು. ಬೋರ್ಡಿನ ಮೇಲೆ ಅವಳ ರಾಜ ಮತ್ತು ಆನೆ, ಅವನದು ಬರೀ ರಾಜ. ಆದರೆ ಅವಳ ಗಡಿಯಾರದಲ್ಲಿ ಉಳಿದದ್ದು 9 ಸೆಕೆಂಡ್.

ಮೌಸ್ ಹಿಡಿದ ಕೈ ತಡವರಿಸಿತು. ಆನೆ ಒಂದು ಮನೆ ಹೆಚ್ಚು ಜಾರಿತು, ಮತ್ತೆ ಹಿಂದಕ್ಕೆ ಬಂತು. ನಾಲ್ಕು, ಮೂರು, ಎರಡು. ಸಮಯ ಮುಗಿಯಿತು. ಎದುರಾಳಿಯ ಬಳಿ ಒಂದೇ ಒಂದು ಕಾಲಾಳು ಉಳಿದಿದ್ದರೂ ಅವಳು ಸೋಲುತ್ತಿದ್ದಳು. ಬರೀ ರಾಜನಿಂದ ಯಾರನ್ನೂ ಮೇಟ್ ಮಾಡಲಾಗದು, ಹಾಗಾಗಿ ನಿಯಮದಂತೆ ಆಟ ಡ್ರಾ.

"ತಾತಾ, ಗೆದ್ಬಿಟ್ಟಿದ್ದೆ!" ಎಂದಳು, ಅಳು ಬರುವ ದನಿಯಲ್ಲಿ.

ಹಿಂದೆ ಕುರ್ಚಿಯಲ್ಲಿ ಕೂತಿದ್ದ ತಾತ ಏನೂ ಹೇಳಲಿಲ್ಲ. ಎದ್ದು ಹೋಗಿ ಬೀರುವಿನಿಂದ ಮರದ ಬೋರ್ಡನ್ನೂ ಎರಡು ಮುಖದ ಹಳೆಯ ಚೆಸ್ ಗಡಿಯಾರವನ್ನೂ ತಂದರು. ಗಡಿಯಾರದ ಬೆನ್ನಿನಲ್ಲಿದ್ದ ಎರಡೂ ಕೀಗಳನ್ನು ಹದವಾಗಿ ತಿರುಗಿಸಿದರು. ಅವಳಿಗೆ ಆನೆ ಮತ್ತು ರಾಜ ಕೊಟ್ಟು, ತಮಗೊಂದು ರಾಜನನ್ನು ನಡುಬೋರ್ಡಿನಲ್ಲಿ ಇಟ್ಟುಕೊಂಡರು. "ಒಂದು ನಿಮಿಷ ಪುಟ್ಟಿ. ಮೇಟ್ ಮಾಡು."

ನಾನು ಹೋದದ್ದು ಉತ್ತರ ಬೆಂಗಳೂರಿನ ಮಕ್ಕಳು ಆನ್‌ಲೈನ್‌ನಲ್ಲಿ ಆಡುವ ಬ್ಲಿಟ್ಜ್ ಚೆಸ್ ಬಗ್ಗೆ ತಿಳಿದುಕೊಳ್ಳಲು. ಆ ಗಡಿಯಾರ ಟಿಕ್ ಟಿಕ್ ಎಂದ ಮೇಲೆ ಬೇರೆ ಮನೆಗಳಿಗೆ ಹೋಗುವ ಮನಸ್ಸಾಗಲಿಲ್ಲ. ಮೂರು ಸಂಜೆ ಅಲ್ಲೇ ಕೂತೆ.

ತಾತ ಜಾಲಹಳ್ಳಿಯ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. "ನನ್ನ ಹೆಸರು ಬೇಡ ಸಾರ್, ಮಗೂದೂ ಬೇಡ" ಎಂದರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾದ ಆ ಕಾರ್ಖಾನೆಯ 'ಜನತಾ' ಗಡಿಯಾರ ನಮ್ಮ ಅಪ್ಪಂದಿರ ಕೈಯಲ್ಲೆಲ್ಲ ಇತ್ತು. ಅದಕ್ಕೆ ಬ್ಯಾಟರಿ ಇಲ್ಲ, ದಿನಾ ಬೆಳಿಗ್ಗೆ ಕೀ ಕೊಡಬೇಕು. ಒಂದು ಸೆಕೆಂಡಿಗೆ ಐದು ಟಿಕ್. ತಾತ ಕಾಲವನ್ನು ಅಳೆಯುವುದು ಈಗಲೂ ಆ ಟಿಕ್‌ಗಳಲ್ಲೇ. ಬ್ಲಿಟ್ಜ್ ಎಂದರೇನು ಎಂದು ನಾನು ಕೇಳಿದಾಗಲೂ ಹಾಗೇ ವಿವರಿಸಿದರು.

ಜಾಗತಿಕ ಚೆಸ್ ಸಂಸ್ಥೆ ಫಿಡೆಯ ಪ್ರಕಾರ, ಒಬ್ಬೊಬ್ಬರಿಗೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಬ್ಲಿಟ್ಜ್. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಶಿಪ್‌ನಲ್ಲಿ 3 ನಿಮಿಷದ ಜೊತೆಗೆ ಪ್ರತಿ ನಡೆಗೂ 2 ಸೆಕೆಂಡ್ ಸೇರಿಸುತ್ತಾರೆ. ಮಕ್ಕಳು ಮನೆಯಲ್ಲಿ ಹೆಚ್ಚಾಗಿ ಆಡುವುದು ಏನೂ ಸೇರದ ಬರೀ 3 ನಿಮಿಷದ ಆಟ. ಆಟ 40 ನಡೆ ನಡೆದರೆ ಒಂದು ನಡೆಗೆ ಸಿಗುವುದು ನಾಲ್ಕೂವರೆ ಸೆಕೆಂಡ್, ತಾತನ ಲೆಕ್ಕದಲ್ಲಿ ಸುಮಾರು 22 ಟಿಕ್. ಎದುರಾಳಿ ನಡೆಸುವ ಮೊದಲೇ ನಮ್ಮ ನಡೆಯನ್ನು ಒತ್ತಿಟ್ಟುಕೊಳ್ಳುವುದಕ್ಕೆ ಪ್ರೀ-ಮೂವ್ ಎನ್ನುತ್ತಾರೆ. ಚೆಸ್.ಕಾಂ ತಾಣದಲ್ಲಿ ಅದಕ್ಕೆ ಕಳೆಯುವುದು ಸೆಕೆಂಡಿನ ಹತ್ತರಲ್ಲಿ ಒಂದು ಭಾಗ. "ಅರ್ಧ ಟಿಕ್ ಸಾರ್!" ಎಂದು ತಾತ ಬೆರಳು ಮಡಿಸಿ ತೋರಿಸಿದರು. ಇಷ್ಟು ಸಣ್ಣ ಕಾಲವನ್ನೂ ಮನುಷ್ಯರು ಆಟಕ್ಕೆ ಬಳಸಿಕೊಂಡರಲ್ಲ ಎಂಬ ಮೆಚ್ಚುಗೆ ಅವರ ದನಿಯಲ್ಲಿತ್ತು.

ಮೊಮ್ಮಗಳ ಆರಾಧ್ಯ ಆಟಗಾರ ತ್ರಿಶೂರಿನ ನಿಹಾಲ್ ಸರಿನ್. 2004ರಲ್ಲಿ ಹುಟ್ಟಿದ ನಿಹಾಲ್ 2014ರಲ್ಲಿ ಡರ್ಬನ್‌ನಲ್ಲಿ ಹತ್ತು ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆದರು, 14ನೇ ವಯಸ್ಸಿಗೆ ಗ್ರಾಂಡ್‌ಮಾಸ್ಟರ್. 2020 ಮತ್ತು 2021ರಲ್ಲಿ ಆನ್‌ಲೈನ್ ಜೂನಿಯರ್ ಸ್ಪೀಡ್ ಚೆಸ್ ಚಾಂಪಿಯನ್‌ಶಿಪ್ ಗೆದ್ದರು. 2022ರ ಚೆನ್ನೈ ಒಲಿಂಪಿಯಾಡ್‌ನಲ್ಲಿ ಎರಡನೇ ಬೋರ್ಡಿನ ವೈಯಕ್ತಿಕ ಚಿನ್ನವೂ ಅವರದೇ. ಇಂಟರ್‌ನೆಟ್‌ನಲ್ಲಿ ಬೆಳೆದ ತಲೆಮಾರಿನ ಗ್ರಾಂಡ್‌ಮಾಸ್ಟರ್ ಎಂದರೆ ಥಟ್ಟನೆ ನೆನಪಾಗುವುದು ಅವರ ಹೆಸರು.

ಅವರ ಆಟ ನೋಡಿದರೆ ನನ್ನಂಥವರಿಗೆ ಮೊದಲು ಬೇಸರವೇ ಆದೀತು. ಇಷ್ಟು ವೇಗದಲ್ಲಿ ಆಡುವವರು ಮಂತ್ರಿಯನ್ನು ಬಲಿಕೊಟ್ಟು ರಾಜನ ಮೇಲೆ ನುಗ್ಗುತ್ತಾರೆ ಎಂದುಕೊಂಡಿದ್ದೆ. ನಿಹಾಲ್ ಬಹುಪಾಲು ಹಾಗೆ ಆಡುವುದಿಲ್ಲ. ಕಾಯಿಗಳನ್ನು ಒಳ್ಳೆಯ ಮನೆಗಳಲ್ಲಿ ಕೂರಿಸುತ್ತಾರೆ, ಎದುರಾಳಿಗೆ ಒಂದು ಸಣ್ಣ ತೊಂದರೆ ಹುಟ್ಟಿಸುತ್ತಾರೆ, ಕಾಯಿ ಬದಲಿಸಿ ಆಟವನ್ನು ಕೊನೆಯ ಘಟ್ಟಕ್ಕೆ ತರುತ್ತಾರೆ. ಅಲ್ಲಿ ಆ ಸಣ್ಣ ತೊಂದರೆಯನ್ನೇ ಹಿಂಡುತ್ತಾರೆ. ಎದುರಾಳಿ ಯೋಚಿಸಿ ಹುಡುಕಬೇಕಾದ ನಡೆ ಅವರಿಗೆ ನೋಡಿದ ಕೂಡಲೇ ಕಾಣುತ್ತದೆ. ಹಾಗಾಗಿ ಆಟ ಸಮಸಮ ಇದ್ದಾಗಲೂ ಗಡಿಯಾರದಲ್ಲಿ ಅವರೇ ಮುಂದಿರುತ್ತಾರೆ. "ಅವ್ರು ಬೇಗ ಆಡಲ್ಲ ಅಂಕಲ್, ಅವ್ರಿಗೆ ಬೇಗ ಗೊತ್ತಾಗುತ್ತೆ" ಎಂದಳು ಹುಡುಗಿ. ಬ್ಲಿಟ್ಜ್ ಬಗ್ಗೆ ನಾನು ಓದಿದ್ದರಲ್ಲೆಲ್ಲ ಇದಕ್ಕಿಂತ ಸ್ಪಷ್ಟವಾದ ಮಾತು ಸಿಕ್ಕಿಲ್ಲ.

ಇದಕ್ಕೆ ತದ್ವಿರುದ್ಧ ದಾರಿಯೂ ಉಂಟು. 2024ರ ಡಿಸೆಂಬರ್‌ನಲ್ಲಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಗುಕೇಶ್ ಅವರನ್ನು ಕೋಚ್ ವಿಷ್ಣು ಪ್ರಸನ್ನ ಎಳವೆಯಲ್ಲಿ ಕಂಪ್ಯೂಟರ್ ಎಂಜಿನ್‌ಗಳಿಂದ ದೂರವೇ ಇಟ್ಟಿದ್ದರು. ಬ್ಲಿಟ್ಜ್ ಇವತ್ತಿಗೂ ಗುಕೇಶ್ ಅವರ ದೊಡ್ಡ ಬಲವಲ್ಲ. ಒಂದು ದಾರಿ ಸರಿ, ಇನ್ನೊಂದು ತಪ್ಪು ಎನ್ನಲಾಗದು. ಮಗು ದಿನವಿಡೀ ಮೂರು ನಿಮಿಷದ ಆಟ ಆಡದಿದ್ದರೆ ಹಿಂದುಳಿಯುತ್ತದೆ ಎಂದು ಹೆದರುವ ಅಪ್ಪ ಅಮ್ಮಂದಿರು ಮಾತ್ರ ಗುಕೇಶ್ ಅವರನ್ನೊಮ್ಮೆ ನೆನೆಯಬೇಕು.

ವೇಗದ ಆಟ ಇಂಟರ್‌ನೆಟ್ ತಂದದ್ದಲ್ಲ ಎನ್ನುವುದು ತಾತನ ವಾದ. ಅದಕ್ಕೆ ಅವರು ಕೊಡುವ ಸಾಕ್ಷಿ ವಿಶ್ವನಾಥನ್ ಆನಂದ್. ಹುಡುಗ ಆನಂದ್ ಚೆನ್ನೈನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿದ್ದ ಮಿಖಾಯಿಲ್ ತಾಲ್ ಚೆಸ್ ಕ್ಲಬ್ಬಿಗೆ ಹೋಗುತ್ತಿದ್ದರು. ಅಲ್ಲಿ ಗೆದ್ದವನು ಕೂತಿರಬೇಕು, ಸೋತವನು ಎದ್ದು ಸಾಲಿನ ಕೊನೆಗೆ ಹೋಗಬೇಕು. ಬೋರ್ಡ್ ಬಿಟ್ಟು ಏಳಬಾರದು ಎಂಬ ಹಟದಲ್ಲೇ ಆನಂದ್ ಅವರ ಮಿಂಚಿನ ಆಟ ಬೆಳೆಯಿತು. 1988ರಲ್ಲಿ ಅವರು ದೇಶದ ಮೊದಲ ಗ್ರಾಂಡ್‌ಮಾಸ್ಟರ್ ಆದರು. ಇವತ್ತು ತಮಿಳುನಾಡಿನಲ್ಲಿ ಮೂವತ್ತಕ್ಕೂ ಹೆಚ್ಚು ಗ್ರಾಂಡ್‌ಮಾಸ್ಟರ್‌ಗಳಿದ್ದಾರೆ.

ನಮ್ಮಲ್ಲಿ ಆ ಪದವಿ ಬಂದದ್ದು ತಡವಾಗಿ. ರೈಲ್ವೆ ಉದ್ಯೋಗಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರಾಂಡ್‌ಮಾಸ್ಟರ್ ಆದರು. ಮರುವರ್ಷ ಶಿವಮೊಗ್ಗದ ಜಿ.ಎ. ಸ್ಟ್ಯಾನಿ, ಅದರ ಮರುವರ್ಷ ಮೈಸೂರಿನ ಗಿರೀಶ್ ಕೌಶಿಕ್. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ರುಮೇನಿಯಾದ ಮಮಾಯಾದಲ್ಲಿ 2500 ರೇಟಿಂಗ್ ದಾಟಿ ದೇಶದ 76ನೇ ಗ್ರಾಂಡ್‌ಮಾಸ್ಟರ್ ಆದರು, ಅದೇ ಕೂಟದಲ್ಲಿ 16 ವರ್ಷದೊಳಗಿನವರ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ಚೆನ್ನೈನ ಗ್ರಾಂಡ್‌ಮಾಸ್ಟರ್ ಪ್ರಣವ್ ವೆಂಕಟೇಶ್ ಬೇರೆ, ನಮ್ಮ ಪ್ರಣವ್ ಬೇರೆ. ಮಾತಿನ ಮಧ್ಯೆ ನಾನು ಇಬ್ಬರನ್ನೂ ಒಂದು ಮಾಡಿದಾಗ ಹುಡುಗಿ ತಕ್ಷಣ ತಿದ್ದಿದಳು.

ತಡವಾಯಿತು ಎಂದರೆ ನಮಗೆ ಚದುರಂಗದ ಪರಂಪರೆ ಇಲ್ಲವೆಂದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ 'ಶ್ರೀತತ್ತ್ವನಿಧಿ' ಗ್ರಂಥದ 'ಕೌತುಕನಿಧಿ' ಎಂಬ ಭಾಗವನ್ನು ಆಟಗಳಿಗೇ ಮೀಸಲಿಟ್ಟರು. ಕುದುರೆ ಒಂದು ಮನೆಗೆ ಒಂದೇ ಸಲ ಹೋಗಿ ಅರವತ್ತನಾಲ್ಕು ಮನೆಗಳನ್ನೂ ಸುತ್ತಿ ಬರುವ ಒಗಟನ್ನು ಬಿಡಿಸಿ ರೇಷ್ಮೆಯ ಮೇಲೆ ಅಚ್ಚು ಹಾಕಿಸಿದ ದೊರೆ ಅವರು.

ಇನ್ನು ಕಲಿಕೆಯ ವಿಷಯ. ಆ ಮೂರು ಸಂಜೆ ತಾತ ಮಾಡಿಸಿದ್ದರಲ್ಲಿ ಬ್ಲಿಟ್ಜ್ ಆಡಿಸಿದ್ದು ಕಡಿಮೆ. ಬರೀ ರಾಜನ ಎದುರು ಆನೆಯಿಂದ ಮೇಟ್ ಮಾಡುವುದನ್ನೇ ಮತ್ತೆ ಮತ್ತೆ ಮಾಡಿಸಿದರು. ಎಷ್ಟೇ ಕೆಟ್ಟ ಸ್ಥಿತಿಯಿಂದ ಶುರುವಾದರೂ ತಪ್ಪಿಲ್ಲದೆ ಆಡಿದರೆ ಅದು 16 ನಡೆಯೊಳಗೆ ಮುಗಿಯಬೇಕು, ಮಂತ್ರಿ ಇದ್ದರೆ 10 ನಡೆಯೊಳಗೆ. ಒಂಬತ್ತು ಸೆಕೆಂಡಿನಲ್ಲಿ 16 ನಡೆ ಎಂದರೆ ನಡೆಗೆ ಮೂರು ಟಿಕ್‌ಗಿಂತ ಕಡಿಮೆ. ಅಷ್ಟರಲ್ಲಿ ಯಾರೂ ಯೋಚಿಸಲಾರರು, ಕೈಗೆ ಗೊತ್ತಿರಬೇಕು. "ಆನೆ ಅಂದ್ರೆ ಬೇಲಿ ಪುಟ್ಟಿ. ಅವನ ರಾಜ ಬೇಲಿಯೊಳಗಿನ ಕರು. ಮೊದ್ಲು ಬೇಲಿ ಹಾಕು. ಆಮೇಲೆ ನಿನ್ನ ರಾಜನ್ನ ಹತ್ರ ತಾ. ಅವ್ನು ಎದುರಿಗೆ ಬಂದು ನಿಂತಾಗ ಬೇಲೀನ ಒಂದು ಸಾಲು ಒಳಕ್ಕೆ ತಳ್ಳು." ಮೊದಲ ಸಂಜೆ ಅವಳಿಗೆ ಒಂದು ನಿಮಿಷ ಸಾಲಲಿಲ್ಲ. ಮುಳ್ಳು ಹನ್ನೆರಡರ ಹತ್ತಿರ ಬರುತ್ತಿದ್ದಂತೆ ಗಡಿಯಾರದ ಪುಟ್ಟ ಕೆಂಪು ಫ್ಲ್ಯಾಗ್ ಮೇಲೇಳುತ್ತಿತ್ತು, ಹನ್ನೆರಡಕ್ಕೆ ಟಪ್ ಎಂದು ಬೀಳುತ್ತಿತ್ತು. ಮೂರನೇ ಸಂಜೆ ಇಪ್ಪತ್ತೇ ಸೆಕೆಂಡಿನಲ್ಲಿ ಮುಗಿಸಿದಳು. ಕಣ್ಣು ಬೋರ್ಡಿನ ಮೇಲಿತ್ತು, ಗಡಿಯಾರದ ಕಡೆ ತಿರುಗಲೇ ಇಲ್ಲ.

ಉಳಿದದ್ದನ್ನು ಮಾತಿನ ನಡುವೆ ಹೇಳಿದರು. ಬಿಳಿಗೆ ಒಂದು, ಕಪ್ಪಿಗೆ ಒಂದೆರಡು ಓಪನಿಂಗ್ ಇಟ್ಟುಕೊಂಡು ವರ್ಷಪೂರ್ತಿ ಅವನ್ನೇ ಆಡಬೇಕು. ಆಗ ಮೊದಲ ಹತ್ತು ನಡೆ ಕಾಲು ನಿಮಿಷದಲ್ಲಿ ಮುಗಿದು, ಉಳಿಸಿದ ಸಮಯ ಆಟದ ನಡುಭಾಗಕ್ಕೆ ಸಿಗುತ್ತದೆ. ಅಲ್ಲಿ ಕವಲೊಡೆಯುವ ಒಂದೆರಡು ಕಡೆ ಹದಿನೈದು ಸೆಕೆಂಡ್ ಹೋದರೂ ಚಿಂತೆಯಿಲ್ಲ, ಬೇರೆ ಕಡೆ ಸಾಕಷ್ಟು ಒಳ್ಳೆಯದೆನಿಸಿದ ನಡೆಯನ್ನು ನಡೆಸಿ ಮುಂದೆ ಹೋಗಬೇಕು. ಪ್ರತಿ ನಡೆಗೂ ಮೊದಲು ಅವನು ಚೆಕ್ ಕೊಡಬಹುದೇ, ನನ್ನ ಯಾವ ಕಾಯಿ ಕಾವಲಿಲ್ಲದೆ ನಿಂತಿದೆ ಎಂದು ನೋಡುವುದು ಉಸಿರಿನಷ್ಟು ಸಹಜವಾಗಬೇಕು. ಎದುರಾಳಿಯ ಸಮಯ ಮುಗಿಯುತ್ತಿದ್ದರೆ ನಮ್ಮ ಕುದುರೆಯನ್ನು ಉಳಿಸಿಕೊಳ್ಳಬೇಕು. ಆನೆ, ಒಂಟೆ ನೇರ ಗೆರೆಯಲ್ಲಿ ಬರುತ್ತವೆ, ಅವಸರದಲ್ಲಿಯೂ ಕಾಣುತ್ತವೆ. ಕುದುರೆ ಎಲ್ಲಿಗೆ ಹಾರುತ್ತದೆ ಎನ್ನುವುದು ಕಾಣುವುದಿಲ್ಲ. ಸತತ ಎರಡು ಆಟ ಸೋತರೆ ಅವತ್ತಿಗೆ ಲ್ಯಾಪ್‌ಟಾಪ್ ಮುಚ್ಚಬೇಕು. ಸೋತು ತಲೆ ಕೆಡುವುದಕ್ಕೆ ಮಕ್ಕಳು 'ಟಿಲ್ಟ್' ಎನ್ನುತ್ತಾರೆ. ಸೋಲಿನ ಸಿಟ್ಟಿನಲ್ಲಿ ಹತ್ತು ಆಟ ಆಡಿ ನೂರು ರೇಟಿಂಗ್ ಕಳೆದುಕೊಂಡ ರಾತ್ರಿ ಪ್ರತಿ ಮನೆಯಲ್ಲೂ ಇದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ವಾರಕ್ಕೊಂದು ನಿಧಾನದ ಆಟ. ಒಂದು ಗಂಟೆ, ಒಂದೂವರೆ ಗಂಟೆ, ಮರದ ಬೋರ್ಡಿನ ಮೇಲೆ, ನಡೆಗಳನ್ನು ಕೈಯಲ್ಲಿ ಬರೆದುಕೊಂಡು. "ಜನತಾ ವಾಚಿಗೆ ಬೆಳಿಗ್ಗೆ ನಿಧಾನಕ್ಕೆ ಕೀ ಕೊಟ್ರೆ ಮಾರನೇ ದಿನದವರೆಗೂ ಓಡುತ್ತೆ ಸಾರ್. ಕೀ ಕೊಡದೆ ಓಡು ಓಡು ಅಂದ್ರೆ ಓಡುತ್ತಾ?" ಎಂದರು ತಾತ. ಮೂರು ನಿಮಿಷದಲ್ಲಿ ಖರ್ಚಾಗುವುದು ಹಿಂದೆ ಗಂಟೆಗಟ್ಟಲೆ ಕೂತು ಕೂಡಿಟ್ಟದ್ದೇ ಎಂದು ಒಪ್ಪಿಕೊಂಡೆ.

ಆದರೆ ಆ ನಿಧಾನದ ಆಟಕ್ಕೆ ಎದುರಾಳಿ ಎಲ್ಲಿ? ಯಲಹಂಕ ಉಪನಗರದ ಮಗು ಭಾನುವಾರ ಪಂದ್ಯಕ್ಕೆ ನಗರದ ಇನ್ನೊಂದು ತುದಿಗೆ ಹೋಗಬೇಕಾದರೆ ಬೆಳಿಗ್ಗೆ ಆರಕ್ಕೇ ತಿಂಡಿ ಕಟ್ಟಿಕೊಂಡು ಹೊರಡಬೇಕು, ಹೆಬ್ಬಾಳದ ಮೇಲ್ಸೇತುವೆ ದಾಟಬೇಕು. ಪ್ರವೇಶ ಶುಲ್ಕ, ಕೋಚ್ ಫೀಸು, ಜೊತೆಗೆ ಹೋಗುವ ಅಪ್ಪನ ಒಂದು ರಜೆ. ಇದಕ್ಕೆ ಹೋಲಿಸಿದರೆ ಆನ್‌ಲೈನ್ ದೊಡ್ಡ ಉಪಕಾರ. 2010ರಲ್ಲಿ ಹುಟ್ಟಿದ ಲಿಚೆಸ್ ತಾಣ ಇವತ್ತಿಗೂ ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಯಶವಂತಪುರದ ಒಂದು ಕೋಣೆಯ ಮನೆಯ ಮಗುವೂ ಅಪ್ಪನ ಮೊಬೈಲಿನಲ್ಲಿ ಪ್ರಪಂಚದ ಯಾವ ಮೂಲೆಯವರ ಜೊತೆಗೂ ಆಡಬಹುದು. ಇದನ್ನು ಕಡೆಗಣಿಸುವ ಮಾತು ನನ್ನದಲ್ಲ. ಆದರೆ ಸೋತ ಮೇಲೆ ಎದುರು ಕೂತವನು ಕೈ ಕುಲುಕಿ "ಇಲ್ಲಿ ಒಂಟೆ ಆಡಿದ್ರೆ ನಾನು ಸೋಲ್ತಿದ್ದೆ" ಎಂದು ಬೋರ್ಡಿನ ಮೇಲೆ ತೋರಿಸುವ ಆ ಐದು ನಿಮಿಷ ಪರದೆಯಲ್ಲಿ ಸಿಗುವುದಿಲ್ಲ. ಆನಂದ್ ಅವರಿಗೆ ತಾಲ್ ಕ್ಲಬ್ಬಿನಲ್ಲಿ ಅದು ಪುಕ್ಕಟೆ ಸಿಕ್ಕಿತ್ತು.

ಜಾಲಹಳ್ಳಿಯ ದಿನಗಳಲ್ಲಿ ಊಟದ ಬಿಡುವಿನ ಹೊತ್ತಿಗೆ ನಾಲ್ಕೈದು ಬೋರ್ಡು ಬಿಚ್ಚಿಕೊಳ್ಳುತ್ತಿದ್ದವಂತೆ. ಡಬ್ಬಿಯ ಅನ್ನ ಉಣ್ಣುತ್ತಲೇ ಐದು ನಿಮಿಷದ ಆಟ, ಸುತ್ತ ಹತ್ತು ಜನ. ಈ ಗಡಿಯಾರ ಆಗಿನದು, ಸಹೋದ್ಯೋಗಿಗಳು ಚಂದಾ ಎತ್ತಿ ಕೊಂಡದ್ದು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಿಹೋಯಿತು. ಆಡುತ್ತಿದ್ದವರಲ್ಲಿ ಅನೇಕರು ಈಗಿಲ್ಲ.

ಉತ್ತರ ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳಲ್ಲಿ, ಬಡಾವಣೆಯ ಗ್ರಂಥಾಲಯಗಳಲ್ಲಿ, ಪಾರ್ಕುಗಳ ಉಸ್ತುವಾರಿಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಎರಡು ಬೋರ್ಡು, ಒಂದು ಗಡಿಯಾರ, ಭಾನುವಾರ ಬೆಳಿಗ್ಗೆ ಎರಡು ಗಂಟೆಯ ಜಾಗ ಕೊಡಿ, ಸಾಕು. ತಾತ ತಮ್ಮ ಪಾಲಿನದನ್ನು ಮಾಡುತ್ತಿದ್ದಾರೆ. ಪ್ರತಿ ಭಾನುವಾರ ಏಳೂವರೆಗೆ ಬೋರ್ಡನ್ನೂ ಗಡಿಯಾರವನ್ನೂ ಬಟ್ಟೆಚೀಲದಲ್ಲಿ ಹಾಕಿಕೊಂಡು ಮನೆಯ ಹತ್ತಿರದ ಪಾರ್ಕಿಗೆ ಹೋಗುತ್ತಾರೆ, ಎರಡೂ ಕಡೆಯ ಕೀ ಕೊಟ್ಟು ಕಾಯಿ ಜೋಡಿಸಿ ಕೂರುತ್ತಾರೆ. ಎದುರಿನ ಜಾಗದಲ್ಲಿ ಹೆಚ್ಚಿನ ವಾರ ಮೊಮ್ಮಗಳೊಬ್ಬಳೇ ಇರುತ್ತಾಳೆ. ಅವಳಿಗೆ ಟ್ಯೂಷನ್ ಇರುವ ವಾರ ಆ ಜಾಗ ಖಾಲಿ.