ಯಂತ್ರ ಹಠಾತ್ತನೆ ಆರಿದಾಗ
ನಂಜನಗೂಡಿನಲ್ಲಿ ನಾವು ಓಲೆಗರಿಯ ಪಾಠವೊಂದನ್ನು ಲ್ಯಾಪ್‌ಟಾಪಿನಲ್ಲಿ ಬರೆದಿಡುತ್ತಿದ್ದಾಗ ಯಂತ್ರವು ಹಠಾತ್ತನೆ ಆರಿಹೋಯಿತು. ಎರಡು ತಿಂಗಳ ಪರಿಶ್ರಮಕ್ಕೆ ಬೇರೆ ಪ್ರತಿಯೇ ಇರಲಿಲ್ಲ.

ಮರುದಿನ ಟಿ. ನರಸೀಪುರಕ್ಕೆ ಒಯ್ದೆವು. ದುರಸ್ತಿಯ ತರುಣರು ಚಾರ್ಜರ್ ಬದಲಿಸಿದರು, ಫಲವಿಲ್ಲ. ಚಾರ್ಜರ್ ಕಳಚಿ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು ಬಿಟ್ಟ ಮೇಲೆ ಯಂತ್ರ ಎದ್ದಿತು. ಹತ್ತೇ ನಿಮಿಷದಲ್ಲಿ ಮತ್ತೆ ಆರಿತು.

“ಫ್ಯಾನಿಗೆ ಧೂಳು ಕಟ್ಟಿದೆ, ಗುರುಗಳೇ. ಶಾಖ ಸುಮಾರು 100 ಡಿಗ್ರಿ ಮುಟ್ಟಿದರೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಲ್ಲುತ್ತದೆ” ಎಂದರು. ಧೂಳು ತೆಗೆದೊಡನೆ ಸರಿಹೋಯಿತು. ತಿರುಗುವ ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ ಮಾತ್ರ ಪದೇ ಪದೇ ಚಾಲೂ ಮಾಡಬಾರದು, ಬರಹವೇ ಅಳಿದೀತು ಎಂದೂ ಎಚ್ಚರಿಸಿದರು.

ಗರಿ ಶಿಥಿಲವಾಗುವ ಮೊದಲೇ ಹಿರಿಯರು ಪ್ರತಿ ಮಾಡಿಡುತ್ತಿದ್ದರು, ನಾವದನ್ನು ಮರೆತಿದ್ದೆವು. ಬಂಧುಗಳೇ, ಮನೆಯ ಲೆಕ್ಕಪತ್ರ, ವಂಶಾವಳಿ, ಭಾವಚಿತ್ರಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಂದೇ ಇರಿಸಿರಿ.