ಬೋಳು ಕುತ್ತಿಗೆಯ ಕೋಳಿ

ಕಳೆದ ಕಾರ್ತಿಕದಲ್ಲಿ ನಮ್ಮ ಹಿತ್ತಲಿನ ಕೆಂಪು ಹೇಂಟೆ ಹನ್ನೊಂದು ಮರಿ ಮಾಡಿತು. ಮೈಯೊಣಗಿ ತುಪ್ಪುಳು ಅರಳಿದಾಗ ನೋಡಿದರೆ, ಅವುಗಳಲ್ಲಿ ನಾಲ್ಕರ ಕುತ್ತಿಗೆ ಬರಿದು! ಬೆಳೆದಂತೆಲ್ಲ ಆ ಬೋಳು ಕೆಂಪೇರಿ, ರಣಹದ್ದಿನ ಮರಿಗಳೇ ನಮ್ಮ ಗೂಡಿಗೆ ಬಂದಂತೆ ತೋರಿತು.

"ಇವಕ್ಕೇನೋ ಕಜ್ಜಿ ತಗುಲಿದೆ ಕಣಪ್ಪ. ಮಿಕ್ಕವಕ್ಕೆ ಅಂಟುವ ಮೊದಲು ಸಂತೆಗೆ ಹಾಕಿಬಿಡು" ಎಂದರು ಅಮ್ಮ. ನಾಲ್ಕಕ್ಷರ ಕಲಿತವನೆಂಬ ಹಮ್ಮು ನನಗಿದ್ದರೂ ಆ ಮಾತನ್ನು ನಂಬಿದೆ. ಮೂರು ಮರಿಗಳು ಸಿಕ್ಕಿದ ಬೆಲೆಗೆ ಹೋದವು. ನಾಲ್ಕನೆಯದನ್ನು ಕೊಳ್ಳುವವರಿಲ್ಲದೆ ಅದೇ ಮಂಕರಿಯಲ್ಲಿ ಮರಳಿ ತಂದೆ.

ಅದು ರೋಗವಲ್ಲವೆಂದು ನಾನು ಓದಿ ತಿಳಿದದ್ದು ಆಮೇಲೆ. ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡ ಆನುವಂಶಿಕತೆಯ ನಿಯಮ ಪ್ರಾಣಿಗಳಿಗೂ ಸಲ್ಲುವುದೆಂದು 1902ರಲ್ಲಿ ಬೇಟ್ಸನ್ ತೋರಿಸಿದ್ದು ಕೋಳಿಗಳ ಜುಟ್ಟನ್ನು ಪರೀಕ್ಷಿಸಿಯೇ. ಬೋಳು ಕುತ್ತಿಗೆಯೂ ಅದೇ ನಿಯಮಕ್ಕೆ ಒಳಪಟ್ಟದ್ದು. ಎಂದೋ ಒಂದು ವಂಶವಾಹಿಯ ನೆರೆಯಲ್ಲಿ ತಾನಾಗಿ ಉಂಟಾದ ಮಾರ್ಪಾಟು ಪೀಳಿಗೆಯಿಂದ ಪೀಳಿಗೆಗೆ ಇಳಿದು ಬಂದಿದೆ. ಅದರಿಂದ ಗರಿ ಮೂಡುವುದನ್ನು ತಡೆಯುವ ಒಂದು ಪ್ರೋಟೀನು ಚರ್ಮದಲ್ಲಿ ಹೆಚ್ಚಾಗಿ ಹುಟ್ಟುತ್ತದೆಂದೂ, ಕೊರಳಿನ ಚರ್ಮ ಅದಕ್ಕೆ ಬೇಗ ಮಣಿಯುತ್ತದೆಂದೂ 2011ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು.

ಈ ಗುಣ ಅಡಗಿ ಕುಳಿತುಕೊಳ್ಳುವಂಥದಲ್ಲ. ತಾಯಿ ತಂದೆಗಳಲ್ಲಿ ಒಂದರಿಂದ ಬಂದರೂ ಸಾಕು, ಮರಿಯ ಕೊರಳು ಬೋಳಾಗುತ್ತದೆ. ಆದರೆ ಮುಂಭಾಗದಲ್ಲಿ ಪುಕ್ಕದ ಸಣ್ಣ ಕುಚ್ಚೊಂದು ಉಳಿಯುತ್ತದೆ. ಎರಡು ಕಡೆಯಿಂದಲೂ ಬಂದರೆ ಆ ಕುಚ್ಚೂ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ನಮ್ಮ ಮರಿಗೆ ಕುಚ್ಚಿತ್ತು. ಹೇಂಟೆಯ ಕೊರಳ ತುಂಬ ಗರಿ. ಹಾಗಾದರೆ ತಂದೆ ಯಾರು? ಬೀದಿಯ ಕೊನೆಯವರೆಗೆ ನಡೆದೆ. ಮೋಟು ಗೋಡೆಯ ಮೇಲೆ, ಕೆಂಪು ಕೊರಳನ್ನು ಎತ್ತಿ ಕೂಗುತ್ತಿದ್ದ ಹುಂಜನೊಬ್ಬ ಕಣ್ಣಿಗೆ ಬಿದ್ದ. ಅವನ ಕೊರಳಿಗೂ ಅದೇ ಕುಚ್ಚು!

ಚೈತ್ರದ ಬಿಸಿಲು ಬಂತು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಒಳಗಿನ ಬೇಗೆಯನ್ನು ಅದು ಏದುಸಿರಿನಿಂದಲೂ ಬರಿ ಚರ್ಮದಿಂದಲೂ ಹೊರಗೆ ಹಾಕಬೇಕು. ಮಿಕ್ಕ ಕೋಳಿಗಳು ಮಧ್ಯಾಹ್ನವೆಲ್ಲ ರೆಕ್ಕೆ ಇಳಿಬಿಟ್ಟು, ಕೊಕ್ಕು ತೆರೆದು ನುಗ್ಗೆಮರದ ನೆರಳಿನಲ್ಲಿ ಬಿದ್ದಿರುತ್ತಿದ್ದವು. ಒಂದು ಸಂಜೆ ಅವುಗಳಲ್ಲಿ ಎರಡು ಏಳಲೇ ಇಲ್ಲ. ಸಂತೆಯಲ್ಲಿ ಯಾರಿಗೂ ಬೇಡವಾಗಿದ್ದ ಹೇಂಟೆ ಮಾತ್ರ ತಿಪ್ಪೆ ಕೆದಕುತ್ತಲೇ ಇತ್ತು; ಆ ವಾರವೇ ಚೊಚ್ಚಲ ಮೊಟ್ಟೆಯನ್ನೂ ಇಟ್ಟಿತು. ಉತ್ತರ ಪ್ರದೇಶದ ಇಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯವರು ಬೋಳು ಕುತ್ತಿಗೆಯ ನಾಟಿ ಕೋಳಿಯಿಂದ 'ಹಿತ್‌ಕಾರಿ' ಎಂಬ ಮಿಶ್ರತಳಿಯನ್ನು ರೂಪಿಸಿದ್ದು ಏಕೆಂದು ಆಗ ನನಗೆ ಅರ್ಥವಾಯಿತು.

ಹಾಗೆಂದು ಪ್ರಕೃತಿಯ ಪ್ರತಿಯೊಂದು ಮಾರ್ಪಾಟೂ ವರವೆನ್ನಲಾಗದು. ಗಿಡ್ಡ ಕಾಲಿನ 'ಕ್ರೀಪರ್' ಕೋಳಿಯ ಗುಣ ತಾಯಿ ತಂದೆ ಇಬ್ಬರಿಂದಲೂ ಬಂದರೆ ಮರಿ ಮೊಟ್ಟೆಯೊಳಗೇ ಸಾಯುತ್ತದೆ. ನಮ್ಮ ಬೋಳು ಹೇಂಟೆಯೂ ಚಳಿಯಲ್ಲಿ ಮೈ ಕಾಯಲು ಹೆಚ್ಚು ಕಾಳು ತಿನ್ನಬೇಕು. ಒಂದು ಋತುವಿನ ಕುಂದು ಮತ್ತೊಂದು ಋತುವಿನ ಗುಣ. ಯಾವುದು ಯಾವಾಗ ಬೇಕಾದೀತೆಂಬುದನ್ನು ಸಂತೆಯ ಬೆಲೆ ಹೇಳಲಾರದು.

ಈಗ ಅಮ್ಮನೇ ಆ ಹೇಂಟೆಗೆ ಮೊದಲ ಹಿಡಿ ರಾಗಿ ಚೆಲ್ಲುತ್ತಾರೆ. ಮೊನ್ನೆ ಕೇಳಿದರು: "ಆ ಮೂರನ್ನು ಯಾರಿಗೆ ಕೊಟ್ಟೆಯಪ್ಪ?" ನನ್ನಲ್ಲಿ ಉತ್ತರವಿರಲಿಲ್ಲ.