ಕಿವಿಗೆ ಕೇಳದ ಗಂಟೆ ಕಣ್ಣಿಗೆ ಕಂಡದ್ದು ಹೇಗೆ?

ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಬರುವ ಒಂದು ಪ್ರಯೋಗ ಹಲವರಿಗೆ ನೆನಪಿರಬಹುದು. ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆಯೊಂದನ್ನು ತೂಗುಹಾಕಿ, ಪಂಪಿನಿಂದ ಒಳಗಿನ ಗಾಳಿಯನ್ನು ಹೊರಗೆಳೆಯುತ್ತ ಹೋದರೆ ಗಂಟೆಯ ಸದ್ದು ಸಣ್ಣಗಾಗುತ್ತ ಬಂದು ಕೊನೆಗೆ ಕೇಳದಂತಾಗುತ್ತದೆ. ಶಬ್ದ ಸಾಗಲು ಮಾಧ್ಯಮ ಬೇಕು ಎಂದು ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಅಲ್ಲಿಗೆ ಪಾಠ ಮುಗಿಯುತ್ತದೆ.

ಆದರೆ ಅದೇ ಜಾಡಿಯಲ್ಲಿ ಇನ್ನೊಂದು ಪಾಠವೂ ಇದೆ. ಸದ್ದಡಗಿದ ಮೇಲೂ ಗಂಟೆಯ ಪುಟ್ಟ ಸುತ್ತಿಗೆ ಬಡಿದುಕೊಳ್ಳುತ್ತಿರುವುದು ಸ್ಪಷ್ಟವಾಗಿ ಕಾಣುತ್ತಲೇ ಇರುತ್ತದೆ! ಗಾಳಿ ಹೋದಾಗ ಶಬ್ದವೂ ಹೋಯಿತು. ಬೆಳಕೇಕೆ ಹೋಗಲಿಲ್ಲ?

ನಿರ್ವಾತದಲ್ಲಿ ಬೆಳಕು ಸಾಗಬಲ್ಲದೇ ಎಂದು ಕೇಳಿದರೆ, ಸಾಗಬಲ್ಲದು ಎಂದು ಯಾರಾದರೂ ಹೇಳಿಯಾರು. ಸೂರ್ಯನಿಗೂ ನಮಗೂ ನಡುವೆ ಸುಮಾರು 15 ಕೋಟಿ ಕಿಲೋಮೀಟರ್ ದೂರ. ಭೂಮಿಯನ್ನು ಹೊದ್ದಿರುವ ತೆಳು ವಾತಾವರಣವನ್ನು ಬಿಟ್ಟರೆ ಆ ದಾರಿಯುದ್ದಕ್ಕೂ ಗಾಳಿಯಿಲ್ಲ. ಆದರೂ ಸೂರ್ಯನಿಂದ ಹೊರಟ ಬೆಳಕು 8 ನಿಮಿಷ 20 ಸೆಕೆಂಡುಗಳಲ್ಲಿ ನಮ್ಮ ಅಂಗಳಕ್ಕೆ ಬಂದು ಬೀಳುತ್ತದೆ. ತೊಡಕಿರುವುದು ‘ಹೇಗೆ’ ಎಂಬ ಪ್ರಶ್ನೆಯಲ್ಲಿ. ಈ ಒಂದು ಪ್ರಶ್ನೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ವಿಜ್ಞಾನಿಗಳನ್ನು ಕಾಡಿತು. ಅದಕ್ಕೆ ಉತ್ತರ ಹುಡುಕಹೊರಟು ಸೋತ ಪ್ರಯೋಗವೊಂದು ಭೌತವಿಜ್ಞಾನದ ಚರಿತ್ರೆಯಲ್ಲೇ ಅತ್ಯಂತ ಪ್ರಸಿದ್ಧವಾಯಿತು.

ಕಾಣದ ಕಡಲು

ಬೆಳಕು ಅಲೆಯಂತೆ ಹರಡುತ್ತದೆ ಎಂದು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ 1690ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ. ಅಲ್ಲ, ಅದು ಸೂಕ್ಷ್ಮ ಕಣಗಳ ಪ್ರವಾಹ ಎಂಬ ಕಡೆಗೆ ನ್ಯೂಟನ್ ವಾಲಿದ. ನ್ಯೂಟನ್ನನ ಮಾತಿಗೆ ತೂಕ ಹೆಚ್ಚು. ಹಾಗಾಗಿ ನೂರು ವರ್ಷ ಕಣವಾದವೇ ಗೆದ್ದಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್, ಬಳಿಕ ಫ್ರಾನ್ಸಿನ ಫ್ರೆನೆಲ್ ನಡೆಸಿದ ಪ್ರಯೋಗಗಳು ತಕ್ಕಡಿಯನ್ನು ಮತ್ತೆ ಅಲೆಯ ಕಡೆಗೆ ವಾಲಿಸಿದವು. ಬೆಳಕಿಗೆ ಬೆಳಕು ಸೇರಿದ ಕಡೆ ಕೆಲವೊಮ್ಮೆ ಕತ್ತಲೆ ಮೂಡುತ್ತದೆ. ಒಂದು ಅಲೆಯ ಉಬ್ಬು ಇನ್ನೊಂದರ ತಗ್ಗನ್ನು ತುಂಬಿದಾಗ ಮಾತ್ರ ಹೀಗಾಗುವುದು ಸಾಧ್ಯ.

ಬೆಳಕು ಅಲೆ ಎಂದಾದರೆ, ಅಲೆ ಯಾವುದರಲ್ಲಿ? ಕೆರೆಯ ಅಲೆಗೆ ನೀರು ಬೇಕು, ಶಬ್ದದ ಅಲೆಗೆ ಗಾಳಿ ಬೇಕು. ಏನೂ ಇಲ್ಲದ ಕಡೆ ಅಲೆ ಏಳುವುದೆಂತು? ಹೀಗಾಗಿ ವಿಶ್ವವನ್ನೆಲ್ಲ ‘ಈಥರ್’ ಎಂಬ ಕಾಣದ ವಸ್ತು ತುಂಬಿದೆ ಎಂದು ವಿಜ್ಞಾನಿಗಳು ಬಗೆದರು. ಗಂಟೆಯ ಜಾಡಿಯಿಂದ ಪಂಪು ಹೊರಗೆಳೆದದ್ದು ಗಾಳಿಯನ್ನು ಮಾತ್ರ. ಗಾಜನ್ನೂ ತೂರಿ ಹೋಗುವ ಈಥರ್ ಅಲ್ಲೇ ಉಳಿದಿದೆ ಎಂಬುದು ಅವರ ವಾದ.

ಈ ಈಥರಿನ ಗುಣಗಳು ಮಾತ್ರ ವಿಚಿತ್ರ. ಬೆಳಕಿನ ಅಲೆಗಳು ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂಪಿಸುತ್ತವೆ. ಅಂಥ ಅಲೆಗಳು ಅಷ್ಟು ವೇಗವಾಗಿ ಹರಿಯಬೇಕಾದರೆ ಈಥರ್ ಉಕ್ಕಿಗಿಂತಲೂ ಬಿಗಿಯಾಗಿರಬೇಕು. ಅದೇ ಹೊತ್ತಿಗೆ ಭೂಮಿ, ಚಂದ್ರರ ಓಟಕ್ಕೆ ಎಳ್ಳಷ್ಟೂ ಅಡ್ಡಿಯಾಗದಷ್ಟು ತೆಳುವಾಗಿಯೂ ಇರಬೇಕು! ಆದರೂ ಅದರ ಇರವನ್ನು ಶಂಕಿಸಿದವರು ವಿರಳ. ಬೆಳಕು ವಿದ್ಯುತ್ಕಾಂತೀಯ ಅಲೆ ಎಂದು 1865ರಲ್ಲಿ ಗಣಿತದ ಮೂಲಕ ತೋರಿಸಿದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಕೂಡ ಈಥರನ್ನು ನಂಬಿದ್ದ.

ಹೊಳೆಯ ಲೆಕ್ಕ

ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಈಥರ್ ನಿಂತಿದ್ದರೆ, ಓಡುವ ಬಸ್ಸಿನ ಕಿಟಕಿಗೆ ಗಾಳಿ ಬೀಸುವಂತೆ ಭೂಮಿಯ ಮೇಲೆ ಈಥರ್ ‘ಗಾಳಿ’ ಬೀಸಬೇಕು. ಅದನ್ನು ಅಳೆಯಲು ಹೊರಟವನು ಆಲ್ಬರ್ಟ್ ಮೈಕೆಲ್‌ಸನ್. 1852ರಲ್ಲಿ ಪ್ರಷ್ಯದಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಅಮೆರಿಕ ಸೇರಿ, ಚಿನ್ನ ಬೆಳ್ಳಿಯ ಗಣಿಯೂರುಗಳಲ್ಲಿ ಬೆಳೆದು, ನೌಕಾ ಅಕಾಡೆಮಿಯಲ್ಲಿ ಓದಿದ ಈತನಿಗೆ ಬೆಳಕನ್ನು ಅಳೆಯುವುದೇ ಬದುಕಿನ ವ್ಯಸನ.

ಅವನ ಉಪಾಯ ಅರ್ಥವಾಗಲು ಒಂದು ಹೊಳೆಯನ್ನು ನೆನೆಯೋಣ. ಹೊಳೆಯ ಅಗಲ 400 ಮೀಟರ್. ನೀರಿನ ಸೆಳೆತ ಗಂಟೆಗೆ 3 ಕಿಲೋಮೀಟರ್. ನಿಂತ ನೀರಿನಲ್ಲಿ ಗಂಟೆಗೆ 5 ಕಿಲೋಮೀಟರ್ ಸಾಗಬಲ್ಲ ಎರಡು ದೋಣಿಗಳಿವೆ. ಒಂದು ದೋಣಿ 400 ಮೀಟರ್ ಪ್ರವಾಹಕ್ಕೆದುರಾಗಿ ಹೋಗಿ ಹಿಂದಿರುಗುತ್ತದೆ. ಹೋಗಲು 12 ನಿಮಿಷ, ಬರಲು 3 ನಿಮಿಷ, ಒಟ್ಟು 15. ಇನ್ನೊಂದು ನೇರ ಆಚೆ ದಡ ಮುಟ್ಟಿ ಮರಳುತ್ತದೆ. ಸೆಳೆತಕ್ಕೆ ಕೊಚ್ಚಿಹೋಗದಂತೆ ಅದು ಓರೆಯಾಗಿ ಹುಟ್ಟು ಹಾಕಬೇಕು. ಹಾಗಾಗಿ ದಡದಿಂದ ದಡಕ್ಕೆ ಅದರ ವೇಗ ಗಂಟೆಗೆ 4 ಕಿಲೋಮೀಟರ್. ಹೋಗಿಬರಲು 12 ನಿಮಿಷ ಸಾಕು. ದೂರ ಒಂದೇ ಆದರೂ 3 ನಿಮಿಷಗಳ ವ್ಯತ್ಯಾಸ! ಹೊಳೆಯನ್ನು ಕಣ್ಣಿಂದ ನೋಡದವನೂ ಈ ವ್ಯತ್ಯಾಸದಿಂದಲೇ ನೀರು ಹರಿಯುತ್ತಿದೆ ಎಂದು ಹೇಳಬಲ್ಲ.

ಮೈಕೆಲ್‌ಸನ್ ದೋಣಿಗಳ ಬದಲು ಬೆಳಕಿನ ಕಿರಣಗಳನ್ನು ಬಳಸಿದ. ತೆಳುವಾಗಿ ಬೆಳ್ಳಿ ಲೇಪಿಸಿದ ಗಾಜಿನಿಂದ ಒಂದು ಕಿರಣವನ್ನು ಎರಡಾಗಿ ಸೀಳಿ, ಒಂದಕ್ಕೊಂದು ಲಂಬವಾದ ದಾರಿಗಳಲ್ಲಿ ಕಳಿಸಿ, ಕನ್ನಡಿಗಳಿಂದ ಹಿಂದಿರುಗಿಸಿ ಮತ್ತೆ ಕೂಡಿಸಿದ. ಕೂಡಿದಲ್ಲಿ ಬೆಳಕು ಕತ್ತಲೆಯ ಪಟ್ಟಿಗಳು ಮೂಡುತ್ತವೆ. ಉಪಕರಣವನ್ನು ತಿರುಗಿಸಿದಾಗ ಕಿರಣಗಳು ತಮ್ಮ ದಿಕ್ಕು ಬದಲಿಸಿಕೊಳ್ಳುತ್ತವೆ. ಈಥರ್ ಬೀಸುತ್ತಿದ್ದರೆ ಪಟ್ಟಿಗಳು ಸರಿಯಲೇಬೇಕು. ಅಳೆಯಬೇಕಾದ ವ್ಯತ್ಯಾಸವಾದರೋ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು.

1881ರಲ್ಲಿ ಬರ್ಲಿನ್ನಿನಲ್ಲಿ ಮಾಡಿದ ಮೊದಲ ಯತ್ನಕ್ಕೆ ಬೀದಿಯ ಗಾಡಿಗಳೇ ಶತ್ರುವಾದವು. ಉಪಕರಣವನ್ನು ಪಾಟ್ಸ್‌ಡ್ಯಾಮಿನ ವೀಕ್ಷಣಾಲಯಕ್ಕೆ ಸಾಗಿಸಿದರೆ, ಅಲ್ಲೂ ನೂರು ಮೀಟರ್ ದೂರದಲ್ಲಿ ಯಾರಾದರೂ ನೆಲ ತುಳಿದರೆ ಸಾಕು, ಪಟ್ಟಿಗಳು ಮಾಯವಾಗುತ್ತಿದ್ದವು! ಈಥರಿನ ಸುಳಿವು ಸಿಗಲಿಲ್ಲ. ಅವನ ಲೆಕ್ಕದಲ್ಲೂ ತಪ್ಪಿದೆ ಎಂದು ಇತರರು ತೋರಿಸಿಕೊಟ್ಟರು.

ಪಾದರಸದ ಮೇಲೆ ಕಲ್ಲು

ಮೈಕೆಲ್‌ಸನ್ ಬಿಡಲಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರಸಾಯನವಿಜ್ಞಾನಿ ಎಡ್ವರ್ಡ್ ಮಾರ್ಲಿ ಜೊತೆಯಾದ. ಒಂದೂವರೆ ಮೀಟರ್ ಉದ್ದಗಲದ, ಒಂದಡಿ ದಪ್ಪದ ಮರಳುಗಲ್ಲಿನ ಚಪ್ಪಡಿಯನ್ನು ಮರದ ತೇಲುಬಳೆಯ ಮೇಲಿಟ್ಟು, ಅದನ್ನು ಪಾದರಸ ತುಂಬಿದ ತೊಟ್ಟಿಯಲ್ಲಿ ತೇಲಿಬಿಟ್ಟರು. ಕಲ್ಲಿನ ಮೇಲೆ ಕನ್ನಡಿಗಳನ್ನಿಟ್ಟು ಬೆಳಕನ್ನು ಹಿಂದಕ್ಕೂ ಮುಂದಕ್ಕೂ ಪುಟಿಸಿ ಅದರ ದಾರಿಯನ್ನು 11 ಮೀಟರಿಗೆ ಹಿಗ್ಗಿಸಿದರು. ಒಮ್ಮೆ ತಳ್ಳಿದರೆ ಕಲ್ಲು ಸುಮಾರು 6 ನಿಮಿಷಕ್ಕೊಂದು ಸುತ್ತಿನಂತೆ ಮೆಲ್ಲಗೆ ತಿರುಗುತ್ತಿತ್ತು. ಅದನ್ನು ಮುಟ್ಟದೆ, ನಿಲ್ಲಿಸದೆ, ದುರ್ಬೀನಿಗೆ ಕಣ್ಣು ಕೊಟ್ಟು ಅದರ ಜೊತೆಯಲ್ಲೇ ಸುತ್ತುತ್ತ, ಪ್ರತಿ ಸುತ್ತಿನಲ್ಲಿ 16 ಕಡೆ ಅಳತೆ ತೆಗೆಯಬೇಕಾಗಿತ್ತು.

1887ರ ಜುಲೈ 8ರಿಂದ 12ರ ನಡುವೆ, ಮಧ್ಯಾಹ್ನ ಮತ್ತು ಸಂಜೆ ಈ ಸುತ್ತಾಟ ನಡೆಯಿತು. ಪಟ್ಟಿಗಳು ಒಂದು ಪಟ್ಟಿಯ ಅಗಲದ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಸರಿಯಬೇಕಿತ್ತು. ಕಂಡದ್ದು ಅದರ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಎಂದರೆ ಏನೂ ಇಲ್ಲ!

ಇಬ್ಬರಿಗೂ ಇದು ನಿರಾಸೆಯ ಫಲಿತಾಂಶ. ಮೂರು ತಿಂಗಳಿಗೊಮ್ಮೆ ಪ್ರಯೋಗವನ್ನು ಮತ್ತೆ ನಡೆಸುವ ಯೋಚನೆಯಿತ್ತು, ಅದನ್ನೂ ಕೈಬಿಟ್ಟರು. ಆದರೆ ಸಿಗದಿದ್ದುದನ್ನು ಸಿಕ್ಕಿತೆಂದು ಹೇಳಲಿಲ್ಲ, ಸೋಲನ್ನು ಮುಚ್ಚಿಡಲೂ ಇಲ್ಲ. ಕಂಡದ್ದನ್ನು ಕಂಡಂತೆ ಅದೇ ವರ್ಷ ಪ್ರಕಟಿಸಿದರು. ಈ ಪ್ರಯೋಗದ ಹಿರಿಮೆ ಇರುವುದೇ ಇಲ್ಲಿ.

ಈಥರನ್ನು ಉಳಿಸಿಕೊಳ್ಳಲು ಹಲವರು ಹೆಣಗಿದರು. ಓಡುವ ವಸ್ತು ಓಟದ ದಿಕ್ಕಿನಲ್ಲಿ ಕುಗ್ಗುತ್ತದೆ, ಆದ್ದರಿಂದಲೇ ವ್ಯತ್ಯಾಸ ಕಾಣದು ಎಂದು ಫಿಟ್ಜೆರಾಲ್ಡ್, ಲೊರೆಂಟ್ಸ್ ಸೂಚಿಸಿದರು. ಬೇರೆಯೇ ದಾರಿಯಿಂದ ಯೋಚಿಸುತ್ತಿದ್ದ ಐನ್‌ಸ್ಟೈನ್ 1905ರಲ್ಲಿ ಗಂಟನ್ನು ಬಿಚ್ಚಿದ. ನೋಡುವವನು ಹೇಗೇ ಓಡುತ್ತಿರಲಿ, ನಿರ್ವಾತದಲ್ಲಿ ಬೆಳಕಿನ ವೇಗ ಎಲ್ಲರಿಗೂ ಒಂದೇ; ಈಥರಿನ ಅಗತ್ಯವೇ ಇಲ್ಲ ಎಂದ.

ಹಾಗಾದರೆ ಬೆಳಕು ಸಾಗುವುದು ಹೇಗೆ? ಉತ್ತರ ಮ್ಯಾಕ್ಸ್‌ವೆಲ್‌ನ ಸಮೀಕರಣಗಳಲ್ಲೇ ಇತ್ತು. ಬದಲಾಗುವ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಬದಲಾಗುವ ಕಾಂತಕ್ಷೇತ್ರ ಮತ್ತೆ ವಿದ್ಯುತ್ ಕ್ಷೇತ್ರವನ್ನು. ಹೀಗೆ ಒಂದನ್ನೊಂದು ಆತುಕೊಂಡು ಅವು ಮುಂದೆ ಸಾಗುತ್ತವೆ. ಹೊರಲು ಮೂರನೆಯವರು ಬೇಕಿಲ್ಲ. ಬೆಳಕಿಗೆ ಮಾಧ್ಯಮ ನೆರವಲ್ಲ, ಅಡ್ಡಿ. ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವ ಬೆಳಕು ನೀರಿನಲ್ಲಿ ಸುಮಾರು 2.25 ಲಕ್ಷಕ್ಕೆ ಇಳಿಯುತ್ತದೆ. ಗಾಳಿಯೂ ಅದನ್ನು ಸೆಕೆಂಡಿಗೆ ಸುಮಾರು 90 ಕಿಲೋಮೀಟರಿನಷ್ಟು ತಡೆಯುತ್ತದೆ.

ಒಂದು ಮೈಲಿಯ ಕೊಳವೆ

1907ರಲ್ಲಿ ಮೈಕೆಲ್‌ಸನ್‌ಗೆ ನೊಬೆಲ್ ಬಂತು. ವಿಜ್ಞಾನದಲ್ಲಿ ಈ ಗೌರವ ಪಡೆದ ಮೊದಲ ಅಮೆರಿಕನ್ ಆತ. ಆದರೆ ಈಥರಿನ ಮೇಲಿನ ಮಮತೆಯನ್ನು ಅವನು ಪೂರ್ತಿ ತೊರೆಯಲಿಲ್ಲ. ಬೆಳಕಿನ ವೇಗವನ್ನು ಇನ್ನಷ್ಟು ನಿಖರವಾಗಿ ಅಳೆಯಲು ಗಾಳಿಯ ಈ ಸಣ್ಣ ತಡೆಯೂ ಅವನಿಗೆ ತೊಡಕೆನಿಸಿತು. ಇಳಿವಯಸ್ಸಿನಲ್ಲಿ ಕ್ಯಾಲಿಫೋರ್ನಿಯದ ಬಯಲೊಂದರಲ್ಲಿ ಒಂದು ಮೈಲಿ ಉದ್ದದ ಉಕ್ಕಿನ ಕೊಳವೆ ಹಾಕಿಸಿ, ಅದರೊಳಗಿನ ಗಾಳಿಯನ್ನು ತೆಗೆಸಿ, ಬೆಳಕನ್ನು ಹಾಯಿಸತೊಡಗಿದ. ಕೆಲಸ ಮುಗಿಯುವ ಮೊದಲೇ, 1931ರ ಮೇ 9ರಂದು ತೀರಿಕೊಂಡ. ಸಂಗಡಿಗರಾದ ಪೀಸ್ ಮತ್ತು ಪಿಯರ್ಸನ್ ಅದನ್ನು ಪೂರೈಸಿ 1935ರಲ್ಲಿ ಪ್ರಕಟಿಸಿದ ಫಲಿತಾಂಶ ಸೆಕೆಂಡಿಗೆ 2,99,774 ಕಿಲೋಮೀಟರ್. ಇಂದು ಅಂಗೀಕೃತವಾಗಿರುವ 2,99,792.458ಕ್ಕೆ ಅದು ತೀರ ಹತ್ತಿರ. 1983ರಿಂದ ಮೀಟರಿನ ಅಳತೆಯೇ ನಿರ್ವಾತದಲ್ಲಿ ಬೆಳಕು ಸಾಗುವ ದೂರವನ್ನು ಆಧರಿಸಿದೆ.

ಮೈಕೆಲ್‌ಸನ್‌ನ ಉಪಕರಣ ಮೂಲೆ ಸೇರಲಿಲ್ಲ. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳನ್ನು ಮೊದಲ ಬಾರಿಗೆ ಹಿಡಿದ ಅಮೆರಿಕದ ಲೈಗೊ ಅದರದೇ ದೈತ್ಯರೂಪ. ಅದರ ಒಂದೊಂದು ತೋಳೂ 4 ಕಿಲೋಮೀಟರ್ ಉದ್ದದ ನಿರ್ವಾತ ಕೊಳವೆ. ಅಂಥದೇ ಒಂದನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ನೀಡಿತು.

ಶಾಲೆಯ ಗಾಜಿನ ಜಾಡಿಯಲ್ಲಿ ಗಂಟೆ ಮೌನವಾದಾಗ ಮಗುವೊಂದು ಎದ್ದು ನಿಂತು, “ಆದರೂ ಅದು ಕಾಣುತ್ತಿದೆಯಲ್ಲ ಸಾರ್!” ಎಂದರೆ ಗದರಿ ಕೂರಿಸುವುದು ಬೇಡ. ಮೈಕೆಲ್‌ಸನ್ ಮತ್ತು ಮಾರ್ಲಿ ಪಾದರಸದ ತೊಟ್ಟಿಯ ಸುತ್ತ ಸುತ್ತಿದ್ದು ಆ ಮಾತಿಗೆ ಉತ್ತರ ಹುಡುಕಿಯೇ.